ಬಾಗಿಲವರೆಗೆ ಬಿಟ್ಟಿದ್ದ ಸಾಲು

ಶಿಡ್ಲಘಟ್ಟ, ನಮ್ಮ ಮನೆಯ ಒಳಕೋಣೆ
ಶುಕ್ರವಾರ, 12 ಜೂನ್ 1959

ನಮ್ಮ ಬೀದಿಯ ವಾಚನಾಲಯದ ಅಧ್ಯಕ್ಷರೂ ನನ್ನ ಯಜಮಾನರೂ ಆದ ವೆಂಕಟರವಣಪ್ಪನವರಿಗೆ ಆದಿಲಕ್ಷ್ಮಿಯ ನಮಸ್ಕಾರಗಳು.

ನಿನ್ನೆ ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ, ನಾನು ಅಡಿಗೆಮನೆಯಲ್ಲಿ ಅತ್ತೆಯವರಿಗೆ ಮುದ್ದೆ ಬಡಿಸುತ್ತಿದ್ದಾಗ, ನಾನು ಹೊರಗೆ ಹೋಗಲೆಂದು ಹಜಾರದ ಗೋಡೆಯ ಪಕ್ಕ ಬಿಟ್ಟಿದ್ದ ಒಂದೇ ಒಂದು ಸಾಲಿಗೂ ನೀವು ಅಮೃತಶಿಲೆಯ ಬಿಲ್ಲೆ ಹಾಕಿಸಿಬಿಟ್ಟಿರಿ. ಇವತ್ತು ಸಂಜೆಯೊಳಗೆ ನಾನು ತೊಂಡೇಬಾವಿಯ ಶಾಲೆಗೆ ಹೋಗಿ ಹಾಜರಾಗದಿದ್ದರೆ ಉಪಾಧ್ಯಾಯಿನಿಯ ಕೆಲಸ ಬೇರೆಯವರ ಪಾಲಾಗುತ್ತದೆಂದು ನಿಮಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿಸಿದಿರಿ.

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವುದು ನಗೆಪಾಟಲು ಎನ್ನುವಿರಿ. ನೀವು ಬೀದಿ ಜಗಲಿಯ ಮಂಚದ ಮೇಲಿದ್ದೀರಿ, ನಾನು ಒಳಗಿದ್ದೇನೆ, ನಡುವೆ ಹಸಿ ನೆಲ. ಮಾತಾಡಬೇಕೆಂದರೆ ಕೂಗಬೇಕು. ಕೂಗಿದರೆ ಗಯ್ಯಾಳಿ ಅನ್ನಿಸಿಕೊಳ್ಳುವವಳು ನಾನೇ.

ಅಡಿಗೆಮನೆಯ ನೆಲ ಕುಸಿದು ಬಚ್ಚಲ ನೀರು ಒಲೆಯತ್ತ ಹರಿಯುತ್ತದೆಂದು ಎಷ್ಟು ವರ್ಷಗಳಿಂದ ಹೇಳಿದೆ! ಅದರ ಸುದ್ದಿಗೇ ನೀವು ಹೋಗಲಿಲ್ಲ. ನನ್ನ ನೇಮಕದ ಆದೇಶ ಕೈಗೆ ಬಂದ ಮಾರನೆಯ ದಿನವೇ ನಿಮಗೆ ಹಜಾರದ ನೆಲ ಕಣ್ಣಿಗೆ ಚುಚ್ಚಿತು. ಕೂಲಿಯ ಗಂಗುಲಪ್ಪ ಹಾರೆ ಹಾಕಿ ಹಳೆಯ ಚಪ್ಪಡಿಗಳನ್ನೆಲ್ಲ ಎಬ್ಬಿಸಿದ. ಕಂಬದ ಬುಡದಲ್ಲಿ, ಅತ್ತೆಯವರು ರಾಗಿ ಕುಟ್ಟಿ ಕುಟ್ಟಿ ಬಿದ್ದಿದ್ದ ತಗ್ಗಿಗೆ ಇಟ್ಟಿಗೆ ಚೂರು ತುಂಬಿ, ದಮ್ಮಸ್ಸು ಮಾಡಿ, ನೀರು ಸುರಿದು ಎತ್ತ ಹರಿಯುತ್ತದೆಂದು ನೋಡಿ, ಮತ್ತೆ ತುಂಬಿದ. ನೀವು ಪಕ್ಕದಲ್ಲೇ ನಿಂತು ನೆಲ ಸಮವಾಯಿತೇ ಎಂದು ರಸಮಟ್ಟ ಹಿಡಿದು ನೋಡುತ್ತಿದ್ದಿರಿ. ಅಷ್ಟು ಶ್ರದ್ಧೆ ಕಂಡು, ಪಾಪ, ನನ್ನನ್ನು ಕಳಿಸಿಕೊಡುವ ಸಂಭ್ರಮಕ್ಕೇ ಇರಬೇಕು ಎಂದುಕೊಂಡೆ. ಅಷ್ಟು ಪೆದ್ದಿ ನಾನು.

ಆಮೇಲೆ ಬಿಲ್ಲೆ ಹಾಕಲು ಚಿಂತಾಮಣಿಯಿಂದ ಲಾಲ್ ಬಾಷಾನನ್ನು ಕರೆತಂದಿರಿ. ಬಾಯಿ ಮುಚ್ಚದ ಮನುಷ್ಯ. ಬಂದವನೇ, "ಸ್ವಾಮಿ, ಒಳಗಿನ ಗೋಡೆಯಿಂದ ಶುರು ಮಾಡಿ ಬೀದಿ ಬಾಗಿಲಿಗೆ ಬರ್ತೀನಿ. ಇಲ್ಲಾಂದ್ರೆ ಅಮ್ಮೋರು ಒಳಗೆ, ನೀವು ಆಚೆ!" ಎಂದು ನಕ್ಕ. ನೀವು ನಗಲಿಲ್ಲ. "ಶುಭ ಕೆಲಸ ಈಶಾನ್ಯದಿಂದಲೇ ಶುರುವಾಗ್ಬೇಕಪ್ಪ" ಎಂದಿರಿ. ಉತ್ತರದ ಬಾಗಿಲಿನ ಮನೆ ನಮ್ಮದು, ಈಶಾನ್ಯವೆಂದರೆ ಬೀದಿ ಬಾಗಿಲ ಪಕ್ಕದ ಮೂಲೆ. ಶಾಸ್ತ್ರವೆಲ್ಲ ಮೌಢ್ಯವೆಂದು ವಾಚನಾಲಯದಲ್ಲಿ ಭಾಷಣ ಮಾಡುವವರ ಬಾಯಲ್ಲಿ ಈಶಾನ್ಯ! ಅವನು ತಲೆ ಕೆರೆದುಕೊಂಡು, "ಆಗ್ಲಿ ಸ್ವಾಮಿ, ಗೋಡೆ ಪಕ್ಕ ಒಂದು ಸಾಲು ಬಿಟ್ಕೊಂಡು ಹೋಗ್ತೀನಿ. ಅಮ್ಮೋರು ಬಸ್ಸಿಗೆ ಹೋದ್ಮೇಲೆ ಅದನ್ನ ಮುಚ್ಚಣ" ಎಂದ. ನೀವೂ ಹೂಂ ಎಂದಿರಿ. ನನ್ನ ಮುಂದೆಯೇ.

ನಿನ್ನೆ ಸಂಜೆ ಮರದ ಸುತ್ತಿಗೆಯ ಸದ್ದು ಕೇಳಿಸಿದಾಗ ಏನೋ ಅಂಚು ತಟ್ಟುತ್ತಿದ್ದಾನೆ ಎಂದುಕೊಂಡು ಸುಮ್ಮನಿದ್ದೆ. ಕೈ ತೊಳೆದು ಬಂದು ನೋಡಿದರೆ ಗೋಡೆಯಿಂದ ಗೋಡೆಗೆ ಬಿಳಿ. ಲಾಲ್ ಬಾಷಾ ಹೊಸಿಲಾಚೆ ಕೂತು ಕರಣೆ ತೊಳೆಯುತ್ತಿದ್ದವನು ನನ್ನನ್ನು ಕಂಡು ಬೆಚ್ಚಿಬಿದ್ದ. "ಅಯ್ಯೋ ಅಮ್ಮಾ, ನೀವು ಮಧ್ಯಾಹ್ನವೇ ಹೋದ್ರಿ ಅಂದ್ರಲ್ಲ ಸ್ವಾಮಿಯೋರು!" ಎಂದ. ನೀವು ಆಗ ಬೀದಿಯ ಕಡೆ ತಿರುಗಿ ಕೋನಪ್ಪನವರ ಜೊತೆ ಮಳೆಯ ವಿಚಾರ ಮಾತಾಡುತ್ತಿದ್ದಿರಿ. ಕಿವಿಯಂತೂ ಚೆನ್ನಾಗಿದೆ ನಿಮಗೆ.

ಸುಣ್ಣದ ಗಾರೆ ಬೇಗ ಬಿಗಿಯುವುದಿಲ್ಲ, ಭಾನುವಾರದವರೆಗೆ ಯಾರೂ ಕಾಲಿಡಬಾರದು ಎಂದು ಹೇಳಿ ಅವನು ಹೊರಟುಹೋದ. ಹಿತ್ತಿಲ ಬಾಗಿಲನ್ನು ನಿಮ್ಮ ಅಣ್ಣತಮ್ಮಂದಿರ ನಡುವೆ ಮನೆ ಭಾಗವಾದ ವರ್ಷವೇ ಇಟ್ಟಿಗೆ ಇಟ್ಟು ಮುಚ್ಚಿಸಿದ್ದೀರಿ. ಕಿಟಕಿಗೆ ಕಬ್ಬಿಣದ ಸರಳು. ಬೆಳಿಗ್ಗೆ ನೀವು ಹೊಸಿಲಲ್ಲಿ ನಿಂತು, "ಏನ್ ಮಾಡೋದು ಕಣೇ, ಆಗಿದ್ದಾಗೋಯ್ತು. ರಾಗಿ ಹಿಟ್ಟು, ಬೇಳೆ ಎಲ್ಲಾ ಒಳಗೇ ಇದೆಯಲ್ಲ. ನನ್ನ ಚಿಂತೆ ಬೇಡ, ಹೋಟ್ಲಲ್ಲಿ ತಿಂತೀನಿ" ಎಂದಿರಿ. ನಿಮ್ಮ ಚಿಂತೆ!

ನೀವು ಎಂದೂ ನನಗೆ ಬೇಡ ಎಂದವರಲ್ಲ. ಅದೇ ನಿಮ್ಮ ಜಾಣತನ. ಐವತ್ತೆರಡರಲ್ಲಿ ನಾನು ಮೊದಲ ಸಲ ಮತ ಹಾಕಲು ಹೊರಟ ಬೆಳಿಗ್ಗೆ ನನ್ನ ಸೀರೆಗಳೆಲ್ಲ ಅಗಸರ ಮನೆ ಸೇರಿದ್ದವು. ಧಾರೆ ಸೀರೆ ಉಟ್ಟುಕೊಂಡೇ ಸಾಲಿನಲ್ಲಿ ನಿಂತು ಹಾಕಿ ಬಂದೆ. ಮದುವೆ ಯಾರದಮ್ಮ ಎಂದು ಓಬಳಮ್ಮ ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಐವತ್ತಾರರಲ್ಲಿ ಹೊಸ ರಾಜ್ಯ ಹುಟ್ಟಿದಾಗ ನಡೆದ ಸಭೆಯಲ್ಲಿ ನಾನು ಬರೆದ ಪ್ರಬಂಧ ಓದಬೇಕಿತ್ತು. ನನಗೆ ಜ್ವರವೆಂದು ನೀವೇ ವೇದಿಕೆಯ ಮೇಲೆ ಹೇಳಿದಿರಂತೆ. ನಾನು ಹೋಗದೆ ಉಳಿದಾಗೆಲ್ಲ ಆಮೇಲೆ ಊರಿಗೆ ಒಂದೇ ಮಾತು: "ನಾನೇನೂ ಬೇಡ ಅನ್ಲಿಲ್ಲಪ್ಪ, ಅವಳೇ ಒಲ್ಲೆ ಅಂದ್ಳು." ಈಗ ಅದಕ್ಕೆ ಇನ್ನೊಂದು ಸೇರಿದೆ: "ಅಮ್ಮನಿಗೂ ಹಿಡಿಸಲಿಲ್ಲ."

ನನಗೆ ಓದಿನ ರುಚಿ ಹತ್ತಿಸಿದವರೂ ನೀವೇ ಎಂಬುದನ್ನು ಮರೆತಿಲ್ಲ. ಮದುವೆಯಾದ ಹೊಸದರಲ್ಲಿ ವಾಚನಾಲಯದ ಪುಸ್ತಕಗಳನ್ನು ಟವಲಿನ ಕೆಳಗೆ ಮುಚ್ಚಿಕೊಂಡು ತಂದು ಕೊಡುತ್ತಿದ್ದಿರಿ. ಓದಿದ ಮೇಲೆ ಏನನ್ನಿಸಿತೆಂದು ಕೇಳುತ್ತಿದ್ದಿರಿ. ಆ ಮನುಷ್ಯ ಎಲ್ಲಿ ಹೋದರು? ಪುಸ್ತಕ ಒಳಗೆ ಬರಬಹುದು, ಓದಿದವಳು ಹೊರಗೆ ಹೋಗಬಾರದು ಎಂದರೆ ಅದು ಯಾವ ನ್ಯಾಯ?

ಈಗ ನನ್ನ ಮುಂದೆ ಇರುವುದು ಇಷ್ಟೆ. ಒಳಗೇ ಉಳಿದರೆ ಕೆಲಸ ಒಲ್ಲೆ ಎಂದವಳು ನಾನು. ಕಾಲಿಟ್ಟರೆ ಹೊಸ ನೆಲ ಹಾಳು ಮಾಡಿದ ಮನೆಮುರುಕಿ ನಾನು. ಎರಡರಲ್ಲಿ ಯಾವುದಾದರೂ ನಿಮಗೆ ಊರಿನಲ್ಲಿ ಹೇಳಿಕೊಳ್ಳಲು ಸಾಕು. ಬೆಳಗಿನಿಂದ ಈ ಬಾಗಿಲ ಚೌಕಟ್ಟು ಹಿಡಿದು ನಿಂತು, ಹೊಳೆಯುವ ಆ ನೆಲವನ್ನು ನೋಡುತ್ತಿದ್ದೇನೆ. ಕಾಲು ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುತ್ತದೆ. ಹೊಸ ನೆಲ ತುಳಿಯಬಾರದೆಂದು ಚಿಕ್ಕಂದಿನಿಂದ ಕಲಿತ ಕಾಲು.

ಭಾನುವಾರ ಈ ಹಜಾರದಲ್ಲೇ ಊರಿನ ದೊಡ್ಡವರನ್ನೆಲ್ಲ ಕೂರಿಸಿ, ಪೂಜೆ ಮುಗಿಸಿ, ಸ್ತ್ರೀ ವಿದ್ಯಾಭ್ಯಾಸದ ಬಗ್ಗೆ ಮಾತಾಡುವಿರಂತೆ. ಮಾತಾಡಿ. ಆದರೆ ಮೊದಲು ಒಂದು ಪ್ರಶ್ನೆಗೆ ಅವರೆಲ್ಲರ ಎದುರು ಉತ್ತರ ಕೊಡಿ. ತೊಂಡೇಬಾವಿಗೆ ಹೋಗಲು ಒಲ್ಲೆ ಎಂದವರು ಯಾರು? ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದರೆ ಅದು ಉತ್ತರವಲ್ಲ.

ಇಂತಿ,
ನಿಮ್ಮ ಮನೆಯ ಒಳಗಿರುವ
ಆದಿಲಕ್ಷ್ಮಿ

ಮರೆತ ಮಾತು: ಈ ಕೊನೆಯ ಮಾತನ್ನು ಮಾತ್ರ ಜಗಲಿಯ ಮೇಲೆ, ನಿಮ್ಮದೇ ಮಂಚದಲ್ಲಿ ಕೂತು ಬರೆಯುತ್ತಿದ್ದೇನೆ. ನೀವು ಪೇಪರ್ ಓದಲು ವಾಚನಾಲಯಕ್ಕೆ ಹೋಗಿದ್ದೀರಿ. ಬಸ್ಸಿಗೆ ಇನ್ನೂ ಹೊತ್ತಿದೆ. ಗೋಡೆ ಪಕ್ಕದ ಸಾಲಿನಲ್ಲಿ ಬಿಲ್ಲೆಗಳು ಅಲ್ಲಲ್ಲಿ ಕುಸಿದಿವೆ. ಲಾಲ್ ಬಾಷಾನನ್ನು ಕರೆಸಿ ಅವನ್ನು ಸರಿಮಾಡಿಸಬೇಡಿ. ಬಂದವರು ಕೇಳಲಿ, ನೀವು ಹೇಳಿ. ದೊಡ್ಡ ತಗ್ಗುಗಳು ನನ್ನವು. ಅವುಗಳ ಪಕ್ಕದ ಚಿಕ್ಕವು, ಕೋಲೂರಿದ ಗುರುತಿನ ಸಮೇತ, ನಿಮ್ಮ ತಾಯಿ ಅಕ್ಕಯ್ಯಮ್ಮನವರವು. ಹಿಡಿಸಲಿಲ್ಲವೆಂದು ಅವರ ಹೆಸರನ್ನೂ ನೀವು ಊರಿನಲ್ಲಿ ಹೇಳಿದ್ದು ನಾನು ತಿಳಿಸುವವರೆಗೆ ಅವರಿಗೆ ಗೊತ್ತೇ ಇರಲಿಲ್ಲ. "ನಾನ್ಯಾವಾಗ ಅಂದೆ ಕಣಮ್ಮ? ಅವನಪ್ಪನೂ ಹಿಂಗೇ, ನನ್ನ ಹೆಸರು ಹೇಳ್ಕೊಂಡೇ ಬಾಳಾಟ ಮಾಡಿದ್ದು. ಹಿಡ್ಕೊಳ್ಳೇ ಕೈನ" ಎಂದು ಎದ್ದೇಬಿಟ್ಟರು. ನಾನು ಚೌಕಟ್ಟು ಬಿಟ್ಟದ್ದು ಆಗಲೇ. ಸದ್ಯಕ್ಕೆ ಅತ್ತೆಯವರು ಎದುರು ಮನೆ ಬಯ್ಯಪ್ಪನವರಲ್ಲಿದ್ದಾರೆ. ಭಾನುವಾರ ಸಭೆಗೆ ಬಂದು ಮುಂದಿನ ಸಾಲಿನಲ್ಲೇ ಕೂರುತ್ತಾರಂತೆ. ಉತ್ತರ ಸ್ವಲ್ಪ ಜೋರಾಗಿ ಹೇಳಿ, ಅವರಿಗೆ ಕಿವಿ ಮಂದ.