ತಲ್ಲೂರಿನ ಎರಡನೇ ಸಿಂಥ್

೧೭ ನವೆಂಬರ್ ೨೦೨೪, ಭಾನುವಾರ

ನನ್ನ ಮೇಲೆ ನನಗೇ ಹೇಸಿಗೆ ಆಗುತ್ತಿದೆ. ನಮ್ಮ ರಾಕ್ ಬ್ಯಾಂಡಿಗೆ ಸಿಂಥಸೈಜರ್ ನೋಡಲು ತಲ್ಲೂರಿಗೆ ಹೋಗಿದ್ದೆವು. ಆರ್ಕೆಸ್ಟ್ರಾ ಬಿಟ್ಟ ಪದ್ದಣ್ಣನ ಮನೆಯಲ್ಲಿ ಎರಡು ಹಳೆಯವು ಮಾರಾಟಕ್ಕಿದ್ದವು; ನಮ್ಮ ಕೈಗೆ ನಿಲುಕುವುದು ಒಂದೇ. ಮೊದಲನೆಯದರಲ್ಲಿ ಗುಂಡಿ ತಿರುಗಿಸಿ ಬೇಕಾದ ನಾದವನ್ನು ನಾನೇ ಕಟ್ಟಬಹುದಿತ್ತು. ಆರು ತಿಂಗಳಿಂದ ನಾನು ಹುಡುಕುತ್ತಿದ್ದದ್ದು ಅದನ್ನೇ.

ಪದ್ದಣ್ಣ ಎರಡನೆಯದರ ಒಂದು ಕೀ ಒತ್ತಿದ. ಡ್ರಮ್ಸ್, ಬೇಸ್, ತಬಲಾ ಎಲ್ಲ ತಾವಾಗಿಯೇ ಶುರುವಾದವು. "ಇದ್ರಗೆ ಎಲ್ಲ ಇತ್ತ್ ಕಾಣಿ. ಡ್ರಮ್ಸ್ ಬಾರ್ಸುಕೆ ಜನವೇ ಬ್ಯಾಡ."

ಗಿಟಾರಿನ ಶ್ರೀಶ ನನ್ನ ಮುಖ ನೋಡಿ, "ಮದಿ ಪ್ರೋಗ್ರಾಮಿಗೂ ಆತ್ತಲ್ದಾ?" ಎಂದ. ಮದುವೆ ಕಾರ್ಯಕ್ರಮದ ನೆಪದಲ್ಲಿ ನಮ್ಮ ಡ್ರಮ್ಮರ್ ರತನ್‌ನನ್ನು ಕೈಬಿಡೋಣವೇ ಎಂದೇ ಅವನು ಕೇಳುತ್ತಿದ್ದಾನೆಂದು ಗೊತ್ತಿತ್ತು. ಆದರೂ ಹೂಂ ಎಂದು ತಲೆಯಾಡಿಸಿದೆ. ಥೂ.

ರತನ್ ಹೊರಗೆ ಕಾರು ತಿರುಗಿಸುತ್ತಿದ್ದ. ದುಡ್ಡು ಕೊಟ್ಟು ನಾನು ಆ ಎರಡನೇ ಸಿಂಥ್ ಎತ್ತಿಕೊಂಡು ಬರುವುದು ಕಂಡು ಓಡಿ ಬಂದ. "ಬಿಡ್ ಸಿಂಚನಾ, ಭಾರ ಇತ್ತ್, ನಾ ಹೊತ್ಕಂತೆ," ಎಂದವನೇ ಹೆಗಲಿಗೇರಿಸಿದ. ಹಿಂದಿನ ಸೀಟಿನಲ್ಲಿ ಮಲಗಿಸಿ, ದಾರಿಯಲ್ಲಿ ಧೂಳು ಕೂರಬಾರದೆಂದು ಡಿಕ್ಕಿಯಲ್ಲಿದ್ದ ತನ್ನ ಡ್ರಮ್ಸಿನ ಹೊದಿಕೆಯನ್ನೇ ತೆಗೆದು ಅದಕ್ಕೆ ಹೊದೆಸಿದ.