ಅರ್ವಿಡ್ ಅವರ ದುಡಿಮೆಯ ಪಕ್ಕದ ಸೊನ್ನೆ

ಡುಲೂತ್, ಮೇ ತಿಂಗಳು

ತೆರಿಗೆ ಕಚೇರಿಯ ಅಧಿಕಾರಿಗಳಿಗೆ ಹಿಲ್ಯಾ ರೌಟಿಯೊ ಮಾಡುವ ನಮಸ್ಕಾರ.

ನಿಮ್ಮ ನೋಟಿಸ್ ತಲುಪಿತು. ನನ್ನ ಯಜಮಾನ ಅರ್ವಿಡ್ ಅವರ ನಿವೃತ್ತಿ ಖಾತೆಯ ಹಣವನ್ನೆಲ್ಲ ನಾನು ಕೈಗೆ ತೆಗೆದುಕೊಂಡೆನೆಂದು ತಿಳಿದು ತೆರಿಗೆ ಕೇಳಿದ್ದೀರಿ. ಅದನ್ನು ಕಟ್ಟಬೇಕಾದರೆ ಈ ಮನೆ ಮಾರಬೇಕು. ನಾನು ಒಂದು ಡಾಲರನ್ನೂ ಮುಟ್ಟಿಲ್ಲ. ಅವರು ತೀರಿಕೊಂಡ ಮೇಲೆ ಹಣ ಅವರ ಖಾತೆಯಿಂದ ನೇರವಾಗಿ ನನ್ನ ನಿವೃತ್ತಿ ಖಾತೆಗೆ ಹೋಯಿತು. ಬ್ಯಾಂಕಿನ ಪತ್ರ ಜೊತೆಗಿದೆ.

ರಿಟರ್ನಿನಲ್ಲಿ ಪೂರ್ತಿ ಮೊತ್ತ ಬರೆದು, ಪಕ್ಕದಲ್ಲಿ ತೆರಿಗೆ ಬೀಳುವ ಮೊತ್ತಕ್ಕೆ ಸೊನ್ನೆ ಹಾಕಬೇಕಾದ ಕಾಲಂ ಖಾಲಿ ಬಿಟ್ಟವಳು ನಾನೇ. ಅರ್ವಿಡ್ ಜೀವನವಿಡೀ ಇಲ್ಲಿನ ದೊಡ್ಡ ಸರೋವರದ ಅದಿರಿನ ಹಡಗುಗಳಲ್ಲಿ ದುಡಿದವರು. ಆ ದುಡಿಮೆಯ ಪಕ್ಕ ಸೊನ್ನೆ ಬರೆಯಲು ಕೈ ಏಳಲಿಲ್ಲ.

"ಅಮ್ಮಾ, ಅದು ತೆರಿಗೆಗೆ ಹಾಕೋ ಸೊನ್ನೆ, ಅಪ್ಪಂಗಲ್ಲ. ನಿನ್ನ ಹಟಕ್ಕೆ ಸರಕಾರಾನೇ ಹೆದರ್ಬೇಕು!" ಎಂದು ಮಗಳು ಐನೊ ಬೈದಳು.

ನಿನ್ನೆ ಮಧ್ಯಾಹ್ನ ಅಡುಗೆಮನೆಯ ಮೇಜಿನಲ್ಲಿ ರಿಟರ್ನ್ ತಿದ್ದಲು ಕೂತವಳಿಗೆ ಕುರ್ಚಿಯಲ್ಲೇ ಮಂಪರು ಹತ್ತಿತು. ಸರೋವರದ ಮಂಜು ಕಿಟಕಿಯಿಂದ ಅಡುಗೆಮನೆಗೆ ಇಳಿಯಿತು. ಅದರೊಳಗೆ ಹಡಗೊಂದು ಸದ್ದಿಲ್ಲದೆ ತೇಲಿಬಂದು ಮೇಜಿನ ಪಕ್ಕ ನಿಂತಿತು. ಅರ್ವಿಡ್ ಇಳಿದು, ಒದ್ದೆ ಟೋಪಿ ತೆಗೆದು, ನನ್ನ ಕಾಗದದ ಮೇಲೆ ಬಗ್ಗಿದರು.

"ಅದಿರು ಇಳಿಸಿದ ಮೇಲೆ ಹಡಗಲ್ಲಿ ಉಳಿದದ್ದು ಸೊನ್ನೆ ಅಂತ ನಾವೂ ಬರೀತಿದ್ವಿ ಕಣೇ. ಎಲ್ಲಾ ದಡ ಸೇರ್ತು ಅಂತ ಅರ್ಥ. ಬರಿ, ಕಾಫಿ ಆರ್ತಿದೆ."

ತಿದ್ದಿದ ರಿಟರ್ನ್ ಕಳಿಸಿದ್ದೇನೆ. ಹಣ ಖಾತೆಯಿಂದ ಖಾತೆಗೆ ಹೋದದ್ದೆಂದು ತಿಳಿಯಲು ರೋಲ್‌ಓವರ್ ಎಂದೂ ನಮೂದಿಸಿದ್ದೇನೆ. ಸೊನ್ನೆಯನ್ನು ಶಾಯಿಯಲ್ಲಿ ದುಂಡಗೆ ಬರೆದಿದ್ದೇನೆ. ನೋಟಿಸ್ ರದ್ದಾದ ಕೂಡಲೇ ತಿಳಿಸಿ.

ಹಿಲ್ಯಾ ರೌಟಿಯೊ,
ಅರ್ವಿಡ್ ರೌಟಿಯೊ ಅವರ ಹೆಂಡತಿ