ಹಿಂದೆ ನೋಡದೆ ಚಾಚಿದ ಕೈ

ಅಪ್ಪಾ,

ನೀನು ಹೋದಾಗಿನಿಂದ ನಿನ್ನ ಜೊತೆ ಒಂದು ಜಗಳ ಬಾಕಿ ಇದೆ. ಸತ್ತವನ ಜೊತೆ ಏನು ಜಗಳ ಎಂದು ಸುಮ್ಮನಿದ್ದೆ. ಇವತ್ತು ಸುಮ್ಮನಿರಲು ಭಯ ಬಿಡುತ್ತಿಲ್ಲ.

ಬೆಳಿಗ್ಗೆ ಜಾಲಹಳ್ಳಿ ಕಡೆ ಹೋಗುವ ಬಸ್ಸಿನಲ್ಲಿ ಡ್ರೈವರ್ ಹಿಂದೆಯೇ ಕೂತಿದ್ದೆ. ಮುಂದೆ ನಮ್ಮ ಸಹನಾ ಸೈಕಲ್ ತುಳಿಯುತ್ತ ಕಾಲೇಜಿಗೆ ಹೊರಟಿದ್ದಳು. ಬಲಕ್ಕೆ ತಿರುಗುವ ಜಾಗ ಬಂತು. ನಿನ್ನ ಮೊಮ್ಮಗಳು ಬಲಗೈ ನೆಟ್ಟಗೆ ಚಾಚಿ, ಒಮ್ಮೆಯೂ ಹಿಂದೆ ನೋಡದೆ, ನಡುರಸ್ತೆಗೆ ಬಂದೇಬಿಟ್ಟಳು. ಬ್ರೇಕ್ ಒತ್ತಿದ ರಭಸಕ್ಕೆ ಬಸ್ಸಿನಲ್ಲಿ ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. "ಏನ್ ಇವ್ರಪ್ಪಂದಾ ರೋಡು?" ಎಂದು ಡ್ರೈವರ್ ಅರಚಿದ. ತಾತಂದು ಅಂದುಕೊಂಡೇ ಬೆಳೆದ ಹುಡುಗಿ ಕಣಪ್ಪಾ ಎಂದು ಅವನಿಗೆ ಹೇಗೆ ಹೇಳಲಿ?

ಸಂಜೆ ಮನೆಗೆ ಬಂದವಳನ್ನು ಬಾಗಿಲಲ್ಲೇ ಹಿಡಿದೆ.

"ತಾತ ಹೇಳ್ಕೊಟ್ಟಿದ್ದೇ ಹಂಗಲ್ವಾ? ಕೈ ತೋರಿಸಿದ್ಮೇಲೆ ನಿಲ್ಲಿಸ್ಬೇಕಾಗಿದ್ದು ಅವ್ರು. ತಪ್ಪು ಅವ್ರದ್ದಮ್ಮ."

"ನಿಮ್ಮ ತಾತನೂ ಹಂಗೇ ಅಲ್ವೇನೇ..."



ನಾನು ಚಿಕ್ಕವಳಿದ್ದಾಗ ಕಾರ್ಖಾನೆ ಗೇಟಿನ ಎದುರು ಅಮ್ಮನ ಕೈ ಹಿಡಿದು ನಿಲ್ಲುತ್ತಿದ್ದೆ. ಸೈರನ್ ಕೂಗಿದ್ದೇ ತಡ, ಪಾಳಿ ಮುಗಿಸಿದ ಸೈಕಲ್ಲುಗಳು ಕಟ್ಟೆ ಒಡೆದ ನೀರಿನಂತೆ ನುಗ್ಗುತ್ತಿದ್ದವು. ಮುಂದೆ ನೀನು, ಯೂನಿಯನ್ನಿನ ಮುಂದಾಳು. ನೀನು ಕೈ ಚಾಚಿದರೆ ಬಸ್ಸು, ಲಾರಿ, ಮ್ಯಾನೇಜರನ ಕಾರು ಎಲ್ಲ ನಿಲ್ಲಬೇಕು. ಹಿಂದೆ ತಿರುಗಿ ನೋಡುವವನನ್ನು "ಪುಕ್ಕಲ" ಎಂದು ನೀವೆಲ್ಲ ರೇಗಿಸುತ್ತಿದ್ದಿರಿ. ಯಾಕೆ ನೋಡಬೇಕಿತ್ತು? ಹಿಂದಿದ್ದವರೆಲ್ಲ ನಿಮ್ಮವರೇ. ಆದರೆ ಆ ಜನ ಸ್ಕೂಟರ್ ಕೊಂಡರು, ನಿವೃತ್ತರಾದರು, ಸತ್ತರು. ನೀನು ಮಾತ್ರ ಅದೇ ಕೈ ಚಾಚಿಕೊಂಡು ಒಬ್ಬನೇ ಹೊರಟೆ. ಶೆಟ್ಟಿಹಳ್ಳಿ ತಿರುವಿನಲ್ಲಿ ಅವತ್ತು ನಿನ್ನ ಹಿಂದೆ ಇದ್ದದ್ದು ಒಂದು ನೀರಿನ ಟ್ಯಾಂಕರ್. ಒಂದೇ ಒಂದು ಸಲ ಕತ್ತು ತಿರುಗಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಪ್ಪಾ?

ನಿನ್ನನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ ರಸ್ತೆ ತಡೆದೆವು. ಟ್ಯಾಂಕರ್ ಡ್ರೈವರನಿಗೆ ಧಿಕ್ಕಾರ ಎಂದು ಗಂಟಲು ಹರಿಯುವಂತೆ ಕೂಗಿದೆ. ಸೈಕಲ್ಲಿಗೆ ಮೊಳದಷ್ಟೂ ಜಾಗ ಬಿಡದೆ ರಸ್ತೆ ಹಾಸಿದ ದೊಡ್ಡವರ ಹೆಸರು ಯಾವ ದೂರಿನಲ್ಲೂ ಇರಲಿಲ್ಲ. ನಮ್ಮ ಹೆಸರೂ ಇರಲಿಲ್ಲ. ಅದೇ ವಾರ ನಲ್ಲಿ ನೀರು ನಿಂತಿತು. ಇಡೀ ಬೀದಿ ಇನ್ನೊಂದು ಟ್ಯಾಂಕರಿಗೆ ಫೋನ್ ಮಾಡಿ, "ಎಲ್ಲಿದ್ದೀಯಪ್ಪಾ, ಬೇಗ ಬಾ" ಎಂದಿತು. ಬೇಗ ಎಂದರೆ ಹೇಗೆ, ಯಾರನ್ನು ದಾಟಿಕೊಂಡು ಎಂದು ಒಬ್ಬರೂ ಕೇಳಲಿಲ್ಲ.

ಆ ಇನ್ನೊಂದು ಟ್ಯಾಂಕರಿನ ಮಂಜಣ್ಣ ಇವತ್ತು ಸಂಜೆಯೂ ಬಂದಿದ್ದ. ನೀರು ಮನೆ ಮುಂದಿನ ಸಂಪ್ ತೊಟ್ಟಿಗೆ ಬೀಳುತ್ತಿತ್ತು. ಸಹನಾಳನ್ನು ರಟ್ಟೆ ಹಿಡಿದು ಎಳೆದೊಯ್ದೆ.

"ಮಂಜಣ್ಣ, ಇವಳನ್ನ ನಿನ್ ಸೀಟಲ್ಲಿ ಕೂರ್ಸಪ್ಪ."

"ಏನಕ್ಕಾ, ನನ್ ಕೆಲ್ಸಕ್ಕೇ ಕೈ ಹಾಕ್ತೀರಾ?" ಎಂದು ನಕ್ಕ. ನನ್ನ ಮುಖ ನೋಡಿ, ಅವಳನ್ನು ಹತ್ತಿಸಿ ಕೀಲಿ ಜೇಬಿಗೆ ಹಾಕಿಕೊಂಡ.

ನಾನು ಅವಳ ಸೈಕಲ್ ಏರಿ, ಗಾಡಿಯ ಮುಂದಿನ ಎಡ ಮೂಲೆಗೆ ಅಂಟಿಕೊಂಡು, ಕಾಲೂರಿ, ಬಲಗೈ ಚಾಚಿದೆ. ನಿನ್ನ ಹಾಗೆ.

"ಅಮ್ಮಾ, ಎಲ್ಲಿದ್ದೀಯಾ?"

"ಇಲ್ಲೇ ಕಣೇ! ಕೈ ತೋರಿಸ್ತಾ ಇದ್ದೀನಿ!"

"ತಮಾಷೆ ಮಾಡ್ಬೇಡ. ನೀನಿಲ್ಲ ಅಲ್ಲಿ. ಅಮ್ಮಾ... ಅಮ್ಮಾ!"

ಆ ಕೊನೆಯ ಕೂಗು ಇನ್ನೂ ಕಿವಿಯಲ್ಲಿದೆ.

ಮಂಜಣ್ಣ ತಲೆ ತಗ್ಗಿಸಿದ್ದ. "ಆ ಮೂಲೆ ಕಾಣಲ್ಲಕ್ಕಾ. ಅದ್ಕೇ ತಿರುವು ಬಂದ್ರೆ ನಾನೇ ನಿಧಾನ ಮಾಡ್ಬೇಕು. ಮಾಡ್ತೀನಾ? ನೀವು ಫೋನ್ ಮೇಲೆ ಫೋನು, ಓನರ್ರು ಇನ್ನೊಂದ್ ಟ್ರಿಪ್ಪು ಅಂತಾನೆ, ನಾನೂ..."

"ನಾಳೆಯಿಂದ ನಿಧಾನಕ್ಕೆ ಬಾ. ಬೀದಿಗೆ ನಾನ್ ಹೇಳ್ತೀನಿ. ಕಾಯ್ತೀವಿ."

"ಆಯ್ತಕ್ಕಾ" ಎಂದ. ಅವನ ಮಾಲೀಕ ಕೇಳುತ್ತಾನೋ ಇಲ್ಲವೋ, ಗೊತ್ತಿಲ್ಲ. ಸೈಕಲ್ಲಿಗೆ ಜಾಗ ಬೇಕೆಂಬ ಜಗಳವನ್ನಂತೂ ನಾನು ಬಿಡುವುದಿಲ್ಲ. ಆದರೆ ಆ ಜಾಗ ಸಿಗುವವರೆಗೆ ನನ್ನ ಮಗಳು ಬದುಕಿರಬೇಕಲ್ಲ?

ರಾತ್ರಿ ಸಹನಾ ಊಟದ ತಟ್ಟೆಯ ಮುಂದೆ ಕೂತು, ತಲೆ ಎತ್ತದೆ ಕೇಳಿದಳು: "ಅಮ್ಮ, ನಾಳೆ ನಿನ್ ಸ್ಕೂಟರಲ್ಲಿ ನನ್ ಹಿಂದೆ ಬರ್ತೀಯಾ? ಒಂದಿನ? ನಾನು ಹಿಂದೆ ತಿರುಗಿ ನೋಡ್ತೀನಾ ಇಲ್ವಾ, ಹೇಳು."

ಹೆದರಬೇಡಿ ಎಂದು ಬೀದಿ ಬೀದಿಯಲ್ಲಿ ಕೂಗಿದವರು ನಾವು, ನೀನೂ ನಾನೂ. ಈಗ ನಿನ್ನ ಮೊಮ್ಮಗಳು ಹೆದರಿದ್ದಾಳೆ ಅಪ್ಪಾ. ಅವಳ ಮಾತು ಕೇಳಿದ ಮೇಲೆಯೇ ನಾನು ತಟ್ಟೆಗೆ ಕೈ ಹಾಕಿದೆ. ಬರ್ತೀನಿ ಎಂದಿದ್ದೇನೆ.